ಬೀಗ ಹಾಕಿಟ್ಟ ಬಿಳಿ ಹೂಗಳು

ಫೆಬ್ರವರಿ 4, ಮಂಗಳವಾರ

ಇವತ್ತು ಸಕ್ಕರೆ ನನ್ನ ಗಿಡಗಳನ್ನು ಮುಟ್ಟಿದ. ಮುಟ್ಟಲಿಲ್ಲ ಎನ್ನುತ್ತಾನೆ. ನಾನು ಗಿಡ ಬೆಳೆಸುವ ಕೋಣೆಗೆ ಹೋದಾಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನನ್ನ ತಟ್ಟೆಗಳ ಮೇಲೆ ಬಗ್ಗಿ ನಿಂತಿದ್ದ. ಮುಟ್ಟುವ ಉದ್ದೇಶವಿಲ್ಲದವನು ಕೈ ಕಟ್ಟಿಕೊಳ್ಳುವುದಾದರೂ ಏಕೆ?

"ನಿಮ್ಮ ಗಿಡ ಎಷ್ಟು ಚೆನ್ನಾಗಿ ಬಂದಿವೆ ಮೇಡಂ," ಅಂದ.

"ಗೊತ್ತು. ನನ್ನ ಗಿಡ ಅಲ್ವಾ, ದಿನಾ ನೋಡ್ತೀನಿ," ಅಂದೆ.

ನಕ್ಕ. ಈ ಮನುಷ್ಯನಿಗೆ ಉಗಿದರೂ ನಗು. ಅವನಿಗೆ ಸಕ್ಕರೆ ಎಂದು ಹೆಸರಿಟ್ಟವಳು ನಾನು. ಬೈಗುಳ ಎಂದುಕೊಂಡೇ ಇಟ್ಟೆ. ಪ್ರಯೋಗಾಲಯದ ಮಂದಿ ಅದನ್ನು ಮುದ್ದಿನ ಹೆಸರು ಮಾಡಿಕೊಂಡರು. ಈಗ ಅವನೂ ಫೋನಿನಲ್ಲಿ "ನಾನು ಸಕ್ಕರೆ ಮಾತಾಡ್ತಿರೋದು" ಅನ್ನುತ್ತಾನೆ. ನನ್ನ ಬೈಗುಳವನ್ನೂ ಹೊಡೆದುಕೊಂಡ.

ಈ ವರ್ಷ ಇರುವುದು ಒಂದೇ ಕಾಯಂ ಹುದ್ದೆ. ನಾನೂ ಗುತ್ತಿಗೆಯವಳು, ಅವನೂ ಗುತ್ತಿಗೆಯವನು. ಮೇ ತಿಂಗಳಲ್ಲಿ ಸಂದರ್ಶನ. ನಮ್ಮ ವಿಭಾಗ ನಡೆಸುವ ದೊಡ್ಡವರು ನಮ್ಮಿಬ್ಬರನ್ನೂ ಕೂರಿಸಿಕೊಂಡು, "ಯಾರ ಪ್ರಯೋಗ ಗಟ್ಟಿಯಾಗಿ ನಿಲ್ಲುತ್ತೋ ಅವರೇ ಒಳಗೆ. ಇನ್ನೊಬ್ಬರಿಗೆ ನನ್ನ ಶುಭಾಶಯ," ಎಂದು ಹೇಳಿ ಚಹಾ ತರಿಸಿದರು. ನಾನು ನನ್ನ ಲೋಟ ಮುಟ್ಟಲಿಲ್ಲ. ಸಕ್ಕರೆ ಎರಡು ಲೋಟ ಕುಡಿದ.

ಫೆಬ್ರವರಿ 8, ಶನಿವಾರ

ಮಗಳು ಶಾಲೆಯಲ್ಲಿ ಅಪ್ಪ ಅಮ್ಮನ ಕೆಲಸದ ಬಗ್ಗೆ ಮಾತಾಡಬೇಕಂತೆ. ಅಪ್ಪನ ಕನ್ನಡಕದ ಅಂಗಡಿಯ ಬಗ್ಗೆ ಒಂದು ಪುಟ ಬರೆದಳು. ನನ್ನ ಕಡೆ ತಿರುಗಿ, "ಅಮ್ಮಾ, ನೀನು ಹೂವು ಎಣಿಸ್ತೀಯ ಅಂತ ಬರೀಲಾ?" ಅಂದಳು. ಮೈ ಉರಿಯಿತು. ಎದುರಿಗೆ ಕೂರಿಸಿಕೊಂಡೆ.

"ನೋಡು, ನಮ್ಮ ಗಿಡದ ಹೂವು ಕೆಂಪಾಗಿ ಇರಬೇಕಿತ್ತು. ಬಣ್ಣ ಮಾಡೋ ಜೀನ್ ಅದರಲ್ಲಿದೆ. ಆದ್ರೆ ಆ ಜೀನಿನ ನಡುಮಧ್ಯೆ ಡಿಎನ್‌ಎಯ ಒಂದು ತುಣುಕು ಹೋಗಿ ಕೂತುಬಿಟ್ಟಿದೆ. ಅದಕ್ಕೇ ಬಣ್ಣ ಆಗಲ್ಲ, ಹೂವು ಬಿಳಿ."

"ಅದ್ಯಾಕೆ ಅಲ್ಲಿ ಹೋಗಿ ಕೂತಿದೆ?"

"ಅದರ ಬುದ್ಧಿಯೇ ಅಂಥದ್ದು. ಜಾಗದಿಂದ ಜಾಗಕ್ಕೆ ಜಿಗಿಯೋ ತುಣುಕು ಅದು. ನಿನ್ನಲ್ಲೂ ಇವೆ, ನನ್ನಲ್ಲೂ ಇವೆ, ಹೆಚ್ಚಿನವು ಎದ್ದೇಳೋಕೂ ಆಗದ ಹಳೇವು. ಉಳಿದವನ್ನ ಜೀವಕೋಶ ಗದರಿಸಿ ಮೂಲೆಯಲ್ಲಿ ಕೂರಿಸಿರುತ್ತೆ. ಬಿಸಿ, ಬರ, ವಿಷ, ಏನಾದ್ರೂ ಒಂದು ಬಂದು ಜೀವಕೋಶ ಒದ್ದಾಡುವಾಗ ಕೆಲವು ಎದ್ದು ಜಿಗಿಯುತ್ತವೆ. ನಮ್ಮ ಗಿಡದಲ್ಲಿ ಆ ತುಣುಕು ಎದ್ದು ಹೋದ ಕಡೆ ಬಣ್ಣದ ಜೀನ್ ಮತ್ತೆ ಸರಿಹೋಗುತ್ತೆ. ಬಿಳಿ ಹೂವಲ್ಲಿ ಕೆಂಪು ಚುಕ್ಕೆ ಬರುತ್ತೆ."

"ಓ, ಒಂದು ಚುಕ್ಕೆ ಅಂದ್ರೆ ಒಂದು ಜಿಗಿತ. ಅದನ್ನ ಎಣಿಸ್ತೀಯ. ಹಾಗಾದ್ರೆ ನಾನು ಹೇಳಿದ್ದೇ ಸರಿ, ಹೂವು ಎಣಿಸ್ತೀಯ!"

ಇವರು ಪೇಪರಿನ ಹಿಂದೆ ಕೂತು ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಮಗಳ ಬುದ್ಧಿ ಮಾತ್ರ ನನ್ನದೇ.

ಅವಳಿಗೆ ಹೇಳದೆ ಬಿಟ್ಟದ್ದು ಜಗಳದ ಭಾಗ. ನನ್ನ ಪ್ರಕಾರ ಈ ತುಣುಕು ಏಳಲು ಒಂದು ದೊಡ್ಡ ಏಟು ಬೇಕು. ಜೋರು ಬಿಸಿ ಬಡಿದಾಗ ಜೀವಕೋಶ ಅಪಾಯದ ಗಂಟೆ ಬಾರಿಸಿ ತನ್ನ ರಿಪೇರಿಯವರನ್ನು ಕರೆಯುತ್ತದೆ. ಆ ಗಂಟೆ ಈ ತುಣುಕಿಗೂ ಕೇಳಿಸುತ್ತದೆ. ಗಂಟೆ ಇಲ್ಲದೆ ಅದು ಮಿಸುಕುವುದಿಲ್ಲ. ಸಕ್ಕರೆಯ ವಾದ ತಿರುಗುಮುರುಗು. ಗಂಟೆ ಬೇಡ, ಏಟೂ ಬೇಡ, ದಿನಾ ಸ್ವಲ್ಪ ಸ್ವಲ್ಪ ಬಿಸಿ ತಾಗುತ್ತಿದ್ದರೆ ಸಾಕು, ಕಾವಲು ತಾನಾಗಿ ಸಡಿಲವಾಗುತ್ತದೆ ಅನ್ನುತ್ತಾನೆ. ಆರಾಮದ ಮನುಷ್ಯನಿಗೆ ಆರಾಮದ ಸಿದ್ಧಾಂತ.

ಫೆಬ್ರವರಿ 11

ನಿರ್ಧಾರ ಮಾಡಿದೆ. ಬಿಸಿ ತೋರಿಸಬೇಕಾದ ಗಿಡಗಳು ಬಿಸಿ ಪೆಟ್ಟಿಗೆಗೆ ಹೋಗಿ ಬಂದಾಯಿತು, ಅವುಗಳ ಚಿಂತೆ ಇಲ್ಲ. ಚಿಂತೆ ಇರುವುದು ಕಂಟ್ರೋಲ್ ಗಿಡಗಳದು, ಅಂದರೆ ಬಿಸಿಯ ಗಾಳಿಯನ್ನೂ ಕಾಣದೆ ತಣ್ಣಗೆ ಬೆಳೆಯಬೇಕಾದವು. ಅವು ಅಪ್ಪಟ ಬಿಳಿ ಹೂ ಬಿಡಬೇಕು. ಅವುಗಳಲ್ಲೂ ಚುಕ್ಕೆ ಬಂದರೆ ನನ್ನ ವಾದ ನೀರುಪಾಲು, ಸಕ್ಕರೆಯ ವಾದಕ್ಕೆ ಹೂಮಾಲೆ. ಅವನಿಗೆ ಎಷ್ಟು ಸುಲಭ! ನಾನು ಮನೆಗೆ ಹೋದ ಮೇಲೆ ತಟ್ಟೆಯನ್ನು ಬಿಸಿ ಪೆಟ್ಟಿಗೆಯಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆದರೆ ಯಾರಿಗೆ ಗೊತ್ತಾಗುತ್ತದೆ?

ಉಗ್ರಾಣದ ಕೊನೆಯಲ್ಲಿ ಗೋಡೆಯೊಳಗೆ ಹುದುಗಿಸಿದ ಹಳೇ ಕಪಾಟೊಂದಿದೆ. ಖಾಲಿ ಸೀಸೆಗಳು ತುಂಬಿದ್ದವು. ಸೀಸೆ ತೆಗೆದೆ, ಒರೆಸಿದೆ, ಅಂಗಡಿಯಿಂದ ಹೊಸ ಬೀಗ ತಂದೆ. ಇನ್ನು ಮೇಲೆ ಸಂಜೆ ಎಲ್ಲರೂ ಹೋದ ಮೇಲೆ ಕಂಟ್ರೋಲ್ ತಟ್ಟೆಗಳು ಒಳಗೆ, ಬೆಳಿಗ್ಗೆ ಎಲ್ಲರೂ ಬರುವ ಮೊದಲು ಹೊರಗೆ. ರಾತ್ರಿ ಗಿಡಕ್ಕೆ ಹೇಗೂ ಕತ್ತಲೆಯೇ ಬೇಕು.

ಇದನ್ನು ಮೊದಲೇ ಮಾಡಬೇಕಿತ್ತು. ಸಂಜೆ ಮನೆಗೆ ಬರುವಾಗ ಹೆಗಲು ಹಗುರವಾಗಿತ್ತು.

ಫೆಬ್ರವರಿ 20

ಸಕ್ಕರೆ ಕೇಳಿದ, "ಮೇಡಂ, ನೀವು ಈಗೀಗ ಎಲ್ಲರಿಗಿಂತ ಮುಂಚೆ ಬರ್ತೀರಿ, ಎಲ್ಲರಿಗಿಂತ ಲೇಟಾಗಿ ಹೋಗ್ತೀರಿ. ಆರೋಗ್ಯ ನೋಡ್ಕೊಳ್ಳಿ."

ನಾನು ಹೋಗಿಬರುವ ಹೊತ್ತನ್ನೂ ನೋಡಿಟ್ಟುಕೊಂಡಿದ್ದಾನೆ!

ಮಾರ್ಚ್ 1, ಶನಿವಾರ

ಕಪಾಟಿನ ಕೀಲಿ ಕೈಚೀಲದ ಒಳಜೇಬಿನಲ್ಲಿ ಇರಲಿಲ್ಲ. ಮಗಳ ಕೋಣೆಗೆ ಹೋಗಿ ಅವಳ ಪುಸ್ತಕದ ಚೀಲ ಮಂಚದ ಮೇಲೆ ಸುರುವಿದೆ. ಪೆನ್ಸಿಲ್ ಚೂರು, ಹೇರ್‌ಬ್ಯಾಂಡು, ಅರ್ಧ ತಿಂದ ಬಿಸ್ಕತ್ತು. ಕೀಲಿ ಇಲ್ಲ. ಕೊನೆಗೆ ನನ್ನ ಕೋಟಿನ ಜೇಬಿನಲ್ಲೇ ಸಿಕ್ಕಿತು. ಅವಳು ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು.

"ನಾನ್ಯಾಕಮ್ಮಾ ನಿನ್ನ ಕೀಲಿ ತಗೊಳ್ಲಿ?"

"ನೀನು ತಗೊಂಡೆ ಅಂದ್ನಾ? ಹುಡುಕಿದೆ ಅಷ್ಟೇ," ಅಂದೆ.

ಇವರು ಅಡುಗೆಮನೆಯಿಂದ, "ಏನೇ ಇದು, ಮಗು ಚೀಲ ಎಲ್ಲಾ ಹೀಗೆ," ಎಂದು ಶುರು ಮಾಡಿದರು. "ರೀ, ನಿಮಗೆ ಗೊತ್ತಾಗಲ್ಲ, ಸುಮ್ನಿರಿ," ಅಂದೆ. ಊರವರ ಕಣ್ಣೆಲ್ಲ ಪರೀಕ್ಷೆ ಮಾಡುವ ಇವರಿಗೆ ಮನೆಯೊಳಗೆ ನಡೆಯುವುದು ಏನೂ ಕಾಣುವುದಿಲ್ಲ. ಸಂಜೆ ನನ್ನ ಮೇಜಿನ ಡ್ರಾಯರಿಗೂ ಬೀಗ ಹಾಕಿಸಿದೆ. ಯಾರ ಮೇಲೂ ಸಂಶಯವಿಲ್ಲ. ಅಚ್ಚುಕಟ್ಟು ಇರಲಿ ಎಂದು.

ಮಾರ್ಚ್ 12, ಬುಧವಾರ

ಚುಕ್ಕೆ.

ಕಂಟ್ರೋಲ್ ಗಿಡಗಳಲ್ಲಿ.

ಅದೇ ದಿನ, ಸಂಜೆ

ಆಗ ಎರಡು ಮಾತು ಬರೆದು ಬಿಟ್ಟೆ, ಈಗ ಪೂರ್ತಿ ಬರೆಯುತ್ತೇನೆ. ಬಿಸಿ ಕಂಡ ಗಿಡಗಳಲ್ಲಿ ಚುಕ್ಕೆ ಬಂದಿದೆ, ಬರಲೇಬೇಕು. ಆದರೆ ನಾನು ಕಣ್ಣಲ್ಲಿ ಕಣ್ಣಿಟ್ಟು ಕಾದ, ಬೀಗದೊಳಗೆ ಮಲಗಿಸಿ ಎಬ್ಬಿಸಿದ ಗಿಡಗಳಲ್ಲೂ ಬಿಳಿ ಎಸಳಿನ ಮೇಲೆ ಕೆಂಪು, ಯಾರೋ ಕುಂಚ ಝಾಡಿಸಿದ ಹಾಗೆ. ಮೊದಲನೇ ಹೂವು ನೋಡಿ ನನ್ನ ಕಣ್ಣೇ ಸರಿ ಇಲ್ಲ ಎಂದುಕೊಂಡೆ. ಎರಡನೆಯದು ಅರಳಿತು. ಅದರಲ್ಲೂ ಹಾಗೇ.

ಇದು ತಾನಾಗಿ ಆಗುವ ವಿಷಯವಲ್ಲ. ರಾತ್ರಿ ಬೀಗದೊಳಗೆ ಇದ್ದವು, ಹಾಗಾದರೆ ಹಗಲಲ್ಲಿ ಆಗಿದೆ. ನಾನು ಊಟಕ್ಕೆ ಹೋಗುತ್ತೇನೆ, ಸಭೆಗೆ ಹೋಗುತ್ತೇನೆ, ಭಾನುವಾರ ಬೆಳಿಗ್ಗೆ ತಟ್ಟೆ ಹೊರಗಿಟ್ಟು ಸಂಜೆಯವರೆಗೆ ಮನೆಯಲ್ಲಿರುತ್ತೇನೆ. ಗಿಡಗಳಿಗೆ ನೀರು ಹಾಕುವ ನೀರಣ್ಣನನ್ನು ಕೇಳಿದೆ, "ಭಾನುವಾರ ಯಾರಾದ್ರೂ ಬರ್ತಾರಾ?"

"ಸಕ್ಕರೆ ಸಾರ್ ಒಂದೆರಡು ಸಲ ಬಂದಿದ್ರು. ಅವರ ಗಿಡ ನೋಡೋಕೆ."

ಅವರ ಗಿಡ ನೋಡೋಕೆ! ಗೋಮುಖವ್ಯಾಘ್ರ. ನಗುನಗುತ್ತಾ ನನ್ನ ಹೊಟ್ಟೆಯ ಮೇಲೆ ಹೊಡೆದಿದ್ದಾನೆ.

ಮಾರ್ಚ್ 17, ಸೋಮವಾರ

ಸೋಮವಾರದ ಸಭೆಯಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟೆ. ಎದ್ದು ನಿಂತೇ ಹೇಳಿದೆ. ನನ್ನ ಕಂಟ್ರೋಲ್ ಗಿಡಗಳಿಗೆ ಬಿಸಿ ತೋರಿಸಿದ್ದಾರೆ, ಇದರಿಂದ ಲಾಭ ಇರುವುದು ಒಬ್ಬರಿಗೇ, ಭಾನುವಾರ ಬಂದು ಹೋದವರೂ ಅವರೇ.

ಸಕ್ಕರೆಯ ಮುಖ ಮೊದಲು ನಗುತ್ತಲೇ ಇತ್ತು. ತಮಾಷೆ ಎಂದುಕೊಂಡಿರಬೇಕು. ಆಮೇಲೆ ನಗು ಅಲ್ಲೇ ಉಳಿಯಿತು, ಕಣ್ಣು ಮಾತ್ರ ಬೇರೆಯಾಯಿತು.

"ಮೇಡಂ, ನಾನು ಯಾಕೆ ಹಾಗೆ ಮಾಡ್ಲಿ?"

"ಅದನ್ನ ನೀವು ಹೇಳ್ಬೇಕು."

"ನನ್ನ ವಾದ ಸರಿ ಇದ್ರೆ ನನ್ನ ಗಿಡದಲ್ಲೇ ಗೊತ್ತಾಗುತ್ತೆ. ನಿಮ್ಮದನ್ನ ಕೆಡಿಸಿ ನನಗೇನು ಬರಬೇಕು?"

"ಹುದ್ದೆ ಬರ್ಬೇಕು," ಅಂದೆ.

ದೊಡ್ಡವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇದು ಗಂಭೀರ ವಿಷಯ," ಅಂದರು. ಅಷ್ಟು ಹೇಳಲು ಅಷ್ಟು ಹೊತ್ತು. ಸಭೆ ಮುಗಿದು ಹೊರಬರುವಾಗ ಒಬ್ಬರೂ ನನ್ನ ಪಕ್ಕ ನಡೆಯಲಿಲ್ಲ. ಬೇಕಾಗಿಯೂ ಇಲ್ಲ. ಸತ್ಯ ಹೇಳಿದವರ ಪಕ್ಕ ಯಾರು ನಡೆಯುತ್ತಾರೆ.

ಮಾರ್ಚ್ 21

ಸಕ್ಕರೆಯ ಗುತ್ತಿಗೆ ಮುಂದುವರಿಸುವುದಿಲ್ಲವಂತೆ. ಮೇಜು ಖಾಲಿ ಮಾಡಿದ. ಪ್ರತಿಯೊಬ್ಬರ ಹತ್ತಿರವೂ ಹೋಗಿ "ಬರ್ತೀನಿ" ಅಂದ. ನೀರಣ್ಣ ಕಣ್ಣೊರೆಸಿಕೊಂಡ. ನನ್ನ ಮೇಜಿನ ಹತ್ತಿರ ಬಂದವನು ಏನೂ ಹೇಳದೆ ಮುಂದೆ ಹೋದ. ನಾಟಕ.

ಮತ್ತೆ ಬೀಜ ಬಿತ್ತಿದ್ದೇನೆ. ಈ ಸಲ ಶಾಂತಿಯಿಂದ ಕೆಲಸ ಮಾಡಬಹುದು. ಆದರೂ ಕಪಾಟಿನ ರೂಢಿ ಬಿಡುವುದಿಲ್ಲ. ಅವನಿಗೆ ಇಲ್ಲಿ ಗೆಳೆಯರು ಬಹಳ.

ಏಪ್ರಿಲ್ 6, ಭಾನುವಾರ

ಮಗಳು ಈಗ ತುಂಬ ವಿಧೇಯಳಾಗಿದ್ದಾಳೆ. "ಅಮ್ಮಾ, ಈ ಕತ್ತರಿ ತಗೋಬಹುದಾ? ಈ ಕುರ್ಚಿ ಮೇಲೆ ಕೂರಬಹುದಾ?" ಎಂದು ಎಲ್ಲಕ್ಕೂ ಕೇಳುತ್ತಾಳೆ. ಮೊದಲಿನ ಹಾಗೆ ಎದುರು ಮಾತಿಲ್ಲ, ಹಾಳು ಹರಟೆ ಇಲ್ಲ. ಇಷ್ಟು ದಿನಕ್ಕೆ ನನ್ನ ಶಿಸ್ತು ಅವಳಿಗೆ ಹತ್ತಿತು. ಇವರ ಜೊತೆ ಮಾತ್ರ ಅಂಗಡಿಯಲ್ಲಿ ಕೂತು ನಗುತ್ತಾಳಂತೆ, ಪಕ್ಕದ ಮನೆಯಾಕೆ ಹೇಳಿದಳು. ನಾನು ಒಳಗೆ ಬಂದರೆ ಇಬ್ಬರೂ ಟಿವಿಯ ಸದ್ದು ಕಡಿಮೆ ಮಾಡುತ್ತಾರೆ. ಕೆಲಸದಿಂದ ತಲೆನೋವು ಹೊತ್ತು ಬರುವವಳ ಮೇಲೆ ಅಷ್ಟಾದರೂ ಕನಿಕರವಿದೆ.

ಏಪ್ರಿಲ್ 19

ಪ್ರಯೋಗಾಲಯದಲ್ಲಿ ಈಗ ಯಾರೂ ನನ್ನ ಕೋಣೆಯ ಕಡೆ ಬರುವುದಿಲ್ಲ. ಒಳ್ಳೆಯದೇ.

ಊಟ ಒಬ್ಬಳೇ ಮಾಡಿದೆ.

ಮೇ 5, ಸೋಮವಾರ

ಮತ್ತೆ ಚುಕ್ಕೆ! ಹೊಸ ಕಂಟ್ರೋಲ್ ಗಿಡಗಳಲ್ಲೂ ಅದೇ ಕೆಂಪು. ಯಾರು? ಸಕ್ಕರೆ ಇಲ್ಲ. ಅವನ ಹತ್ತಿರ ಬಾಗಿಲ ಕೀಲಿ ಇಲ್ಲ, ಗೇಟಿನೊಳಗೆ ಬಿಡುವುದೂ ಇಲ್ಲ.

ನೀರಣ್ಣನೇ? ಅವನಿಗೆ ಬಿಸಿ ಪೆಟ್ಟಿಗೆ ಹೇಗೆ ಹಾಕುವುದೆಂದೇ ಗೊತ್ತಿಲ್ಲ. ಆದರೂ ಕೇಳಿದೆ. ಮನುಷ್ಯ ಕೈಯಲ್ಲಿದ್ದ ಪೈಪು ಕೆಳಗಿಟ್ಟ. "ಅಮ್ಮಾ, ನಾಳೆ ಗೋಡೆ ಮೇಲೂ ಸಂಶಯ ಪಡ್ತೀರ ನೀವು," ಎಂದು ಹೇಳಿ ಹೊರಟುಹೋದ. ಎಂಥ ಸೊಕ್ಕು! ಗಿಡಗಳಿಗೆ ಸಂಜೆಯ ನೀರು ನಾನೇ ಹಾಕಿದೆ.

ದೊಡ್ಡವರೇ ಮಾಡಿಸಿರಬಹುದೇ? ಅವರಿಗೇನು ಲಾಭ? ಇಲ್ಲ, ಅವರಿಗೆ ಲಾಭ ಇಲ್ಲ. ಯಾರಿಗೂ ಲಾಭ ಇಲ್ಲ. ಲಾಭ ಪಡೆಯಬೇಕಾದವನು ಆಗಲೇ ಹೊರಗಿದ್ದಾನೆ.

ಒಂದು ಸರಳ ಪ್ರಯೋಗವಾಗಿ ನೋಡಿದರೆ, ಕಾರಣ ಎಂದುಕೊಂಡದ್ದನ್ನು ತೆಗೆದುಹಾಕಿದ ಮೇಲೂ ಫಲಿತಾಂಶ ಹಾಗೇ ಇದೆ. ಮೊದಲ ವರ್ಷದ ವಿದ್ಯಾರ್ಥಿಯೂ ಹೇಳುತ್ತಾನೆ ಇದರ ಅರ್ಥ ಏನೆಂದು. ನಾನು ಅದನ್ನು ಬರೆಯುವುದಿಲ್ಲ ಇವತ್ತು.

ಮೇ 6, ಮಂಗಳವಾರ

ನೀರಣ್ಣನ ಗೋಡೆಯ ಮಾತು ರಾತ್ರಿ ನಿದ್ದೆ ಕೊಡಲಿಲ್ಲ. ಬೆಳಕು ಹರಿಯುವ ಹೊತ್ತಿಗೇ ಪ್ರಯೋಗಾಲಯಕ್ಕೆ ಹೋದೆ. ಕಾವಲುಗಾರ ಆಕಳಿಸುತ್ತಾ ಗೇಟು ತೆಗೆದ. ನೇರ ಉಗ್ರಾಣಕ್ಕೆ ಹೋಗಿ ಕಪಾಟು ತೆರೆದು ಒಳಗೆ ಕೈ ಇಟ್ಟೆ.

ಜ್ವರ ಬಂದ ಮಗುವಿನ ಹಣೆ. ಹಾಗಿತ್ತು ಆ ಗೋಡೆ.

ಗೋಡೆಯ ಆಚೆ ಡೀಪ್ ಫ್ರೀಜರುಗಳ ಕೋಣೆ. ಅವು ಒಳಗೆ ತಣ್ಣಗೆ ಮಾಡಲು ಹಿಂದುಗಡೆಯಿಂದ ಬಿಸಿಯನ್ನು ಹೊರಗೆ ಉಗುಳುತ್ತವೆ. ಹಗಲಲ್ಲಿ ಆ ಕೋಣೆಗೆ ಏಸಿ ಇರುತ್ತದೆ. ಸಂಜೆ ಕಚೇರಿಯವರು ಏಸಿ ಆರಿಸಿ ಮನೆಗೆ ಹೋಗುತ್ತಾರೆ, ಬೆಳಿಗ್ಗೆ ಕಾವಲುಗಾರ ಮತ್ತೆ ಹಾಕುತ್ತಾನೆ. ನಾನು ಬರುವಷ್ಟರಲ್ಲಿ ಗೋಡೆ ತಣ್ಣಗಾಗಿರುತ್ತಿತ್ತು. ರಾತ್ರಿಯಿಡೀ ನನ್ನ ಗಿಡಗಳು ಆ ಗೋಡೆಗೆ ಬೆನ್ನು ಹಚ್ಚಿ, ಬೀಗದೊಳಗೆ, ಗಾಳಿ ಇಲ್ಲದೆ ಮೆಲ್ಲಗೆ ಬೇಯುತ್ತಿದ್ದವು. ದಿನಾ ಸ್ವಲ್ಪ ಸ್ವಲ್ಪ. ಗಂಟೆಯೂ ಇಲ್ಲ, ಏಟೂ ಇಲ್ಲ.

ಹದಿನಾರು ವರ್ಷದಿಂದ ಬಿಸಿಯ ಬಗ್ಗೆ ಕೆಲಸ ಮಾಡುತ್ತಿದ್ದೇನೆ. ಬೆಳೆಸುವ ಕೋಣೆಯ ನಾಲ್ಕು ಮೂಲೆಗೂ ಥರ್ಮಾಮೀಟರ್ ನೇತುಹಾಕಿದವಳು ಕಪಾಟಿಗೆ ಬೀಗ ಮಾತ್ರ ಹಾಕಿದೆ.

ತಟ್ಟೆಗಳನ್ನು ಹೊರಗೆ ತೆಗೆಯುವಾಗ ಒಂದು ತಟ್ಟೆ ಕೈ ಜಾರಿ ಬಿತ್ತು. ಹಾಗೇ ಬಿಟ್ಟು ಬಂದೆ.

ಮೇ 7

ಏನೂ ಇಲ್ಲ. ಜ್ವರ ಎಂದು ರಜೆ ಹಾಕಿದೆ. ಇವರು ಹಣೆ ಮುಟ್ಟಿ, "ಜ್ವರ ಇಲ್ವಲ್ಲೇ," ಅಂದರು. "ನಿಮಗೆ ಕಣ್ಣು ನೋಡೋದು ಗೊತ್ತು, ಜ್ವರ ನೋಡೋದು ಗೊತ್ತಿಲ್ಲ," ಅಂದೆ.

ಮೇ 8, ಗುರುವಾರ

ದೊಡ್ಡವರಿಗೆ ಹೇಳಿದೆ. ಬಾಗಿಲು ಮುಚ್ಚಿ, ನಿಂತುಕೊಂಡೇ, ಕಪಾಟು, ಗೋಡೆ, ಏಸಿ, ಎಲ್ಲ. ನಾನು ಬೈಗುಳ ಎದುರುನೋಡುತ್ತಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

ಅವರು ಕುರ್ಚಿಗೆ ಒರಗಿ, "ಯಾರಿಗಾದ್ರೂ ಹೇಳಿದ್ದೀರಾ?" ಅಂದರು.

"ಇಲ್ಲ ಸರ್."

"ಜಾಣರು. ಮುಂದಿನ ಗುರುವಾರ ಸಂದರ್ಶನ. ಅದು ಮುಗೀಲಿ. ಆ ಹುಡುಗನ್ನ ಕಳಿಸಿದ್ದು ನನ್ನ ಸಹಿ. ಈಗ ಹೋಗಿ ತಪ್ಪಾಯ್ತು ಅಂದ್ರೆ ನಾಲ್ಕು ಜನ ನನ್ನ ಮುಖಕ್ಕೆ ನಗ್ತಾರೆ. ಅವನಿಗೆ ಹೇಗೂ ಎಲ್ಲೋ ಒಂದು ಕೆಲಸ ಸಿಕ್ಕಿರುತ್ತೆ, ಮಾತುಗಾರ. ನೀವು ಮತ್ತೊಂದು ಸಲ ಗಿಡ ಬೆಳೆಸಿ, ಸರಿಯಾದ ಜಾಗದಲ್ಲಿ. ಇದು ನಮ್ಮಿಬ್ಬರ ಮಧ್ಯೆ ಇರಲಿ."

ನಮ್ಮಿಬ್ಬರಂತೆ! ನಾನೂ ಈ ಮನುಷ್ಯನೂ ಯಾವಾಗಿನಿಂದ ಇಬ್ಬರಾದೆವು? ಹೊರಬರುವಾಗ ನನ್ನ ಭುಜ ತಟ್ಟಿದರು. ಆ ಭುಜ ಈಗಲೂ ತುರಿಸುತ್ತಿದೆ.

ಮೇ 10, ಶನಿವಾರ

ಸಕ್ಕರೆಯ ಮನೆಗೆ ಹೋದೆ. ಯಾಕೆ ಹೋದೆನೋ. ದೊಡ್ಡವರ ಕಣ್ಣಿಗೆ ಮಣ್ಣೆರಚಿದ ಹಾಗಾಗಲಿ ಎಂದು ಹೋದೆ ಅಂದುಕೊಳ್ಳುತ್ತೇನೆ.

ಎರಡನೇ ಮಹಡಿ. ಬಾಗಿಲ ಹೊರಗೆ ಮಕ್ಕಳ ಚಪ್ಪಲಿ ರಾಶಿ. ಶಾಲೆಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಾನೆ. ಬಾಗಿಲಿಗೆ ಬಂದವನು ನನ್ನನ್ನು ನೋಡಿ ಚೌಕಟ್ಟಿನಲ್ಲೇ ನಿಂತ. ಬನ್ನಿ ಅನ್ನಲಿಲ್ಲ. ಗಡ್ಡ ಬಿಟ್ಟಿದ್ದ.

"ಏನು ಬೇಕು?"

"ನಾನು ರಾತ್ರಿ ಹೊತ್ತು ಗಿಡಗಳನ್ನ ಕಪಾಟಿನಲ್ಲಿ ಇಡ್ತಿದ್ದೆ. ಆ ಗೋಡೆ ಬಿಸಿ ಆಗುತ್ತೆ. ಅದರಿಂದ ಚುಕ್ಕೆ ಬಂದಿದ್ದು. ನೀವು ಏನೂ ಮಾಡಿರ್ಲಿಲ್ಲ."

"ನಾನು ಏನೂ ಮಾಡಿರ್ಲಿಲ್ಲ ಅಂತ ನನಗೆ ಗೊತ್ತು. ಅದನ್ನ ನನಗೇ ಹೇಳೋಕೆ ಬಂದ್ರಾ?"

ಒಳಗೆ ಮಕ್ಕಳು ಗಲಾಟೆ ಮಾಡುತ್ತಿದ್ದರು. ಅವನು ಒಳಗೆ ನೋಡಿ, ಮತ್ತೆ ನನ್ನ ಕಡೆ ತಿರುಗಿದ.

"ಅವತ್ತು ಎದ್ದು ನಿಂತು ಎಲ್ಲರ ಮುಂದೆ ಹೇಳಿದ್ರಿ. ಇವತ್ತು ನನ್ನ ಬಾಗಿಲಲ್ಲಿ ನಿಂತು ಪಿಸುಗುಡ್ತಿದೀರಿ. ಅವತ್ತಿಂದ ನಮ್ಮಪ್ಪ ದಿನಾ ಕೇಳ್ತಾರೆ, ನಿಜ ಹೇಳೋ, ಏನಾದ್ರೂ ಮಾಡಿದ್ಯಾ ಅಂತ. ನನ್ನ ಅಪ್ಪ! ಏನು ಹೇಳ್ಲಿ ಅವರಿಗೆ?"

ಬಾಗಿಲು ಹಾಕಿದ. ಜೋರಾಗಿ ಅಲ್ಲ, ಮೆತ್ತಗೆ. ಮೆಟ್ಟಿಲಿಳಿಯುವಾಗ ಸಿಟ್ಟು ನೆತ್ತಿಗೇರಿತ್ತು. ಅಷ್ಟು ದೂರ ಬಿಸಿಲಲ್ಲಿ ನಡೆದು ಬಂದವಳಿಗೆ ಒಂದು ಲೋಟ ನೀರು ಕೊಡುವ ಸೌಜನ್ಯವಿಲ್ಲ. ಇಂಥವನಿಗೆ ಸಕ್ಕರೆ ಎಂದು ಹೆಸರು ಬೇರೆ.

ಮೇ 12, ಸೋಮವಾರ

ಸಭೆಯಲ್ಲಿ ಹೇಳಿದೆ. ಎದ್ದು ನಿಂತು.

ದೊಡ್ಡವರು ಬಜೆಟ್ಟಿನ ವಿಷಯ ಎತ್ತುವಷ್ಟರಲ್ಲಿ, "ಸರ್, ನನ್ನದೊಂದು ಇದೆ," ಅಂದೆ. ಅವರ ಹುಬ್ಬು ನನಗೆ ಬೇಡ ಬೇಡ ಎಂದಿತು. ಅದನ್ನು ನೋಡಿಯೇ ಧೈರ್ಯ ಬಂತು. ಮಾರ್ಚ್ ತಿಂಗಳಲ್ಲಿ ಇದೇ ಜಾಗದಲ್ಲಿ ನಾನು ಹೇಳಿದ್ದು ಸುಳ್ಳು ಆಪಾದನೆ. ನನ್ನ ಗಿಡಗಳನ್ನು ಕೆಡಿಸಿದವಳು ನಾನೇ. ಸಕ್ಕರೆಯ ಗುತ್ತಿಗೆ ನಿಲ್ಲಿಸಿದ್ದು ನನ್ನ ತಪ್ಪಿನಿಂದ, ಇದು ಗುರುವಾರದಿಂದ ದೊಡ್ಡವರಿಗೂ ಗೊತ್ತು. ಈ ಕೊನೆಯ ವಾಕ್ಯ ಮೊದಲು ಯೋಚಿಸಿರಲಿಲ್ಲ, ಬಾಯಿಗೆ ಬಂತು, ಬಿಟ್ಟೆ.

ದೊಡ್ಡವರ ಮುಖ ನೋಡಬೇಕಿತ್ತು! ಕನ್ನಡಕ ಒರೆಸಲು ಕೈಯೇ ಏಳಲಿಲ್ಲ. ಇಷ್ಟಕ್ಕೇ ಹೇಳಿದ್ದು, ಬೇರೆ ಏನಕ್ಕೂ ಅಲ್ಲ. ಅವರ ತಲೆಯ ಮೇಲೆ ಮೆಣಸು ಅರೆಯುವ ಅವಕಾಶ ದಿನಾ ಸಿಗುವುದಿಲ್ಲ.

ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದೆ. ಸೆಕೆ ವಿಪರೀತ.

ಮೇ 16, ಶುಕ್ರವಾರ

ನಿರೀಕ್ಷಿಸಿದ್ದೇ. ನಿನ್ನೆ ಸಂದರ್ಶನದಲ್ಲಿ ಒಂದೇ ಪ್ರಶ್ನೆ ಕೇಳಿ ಕಳಿಸಿದರು. ಹುದ್ದೆಯನ್ನು ಈ ವರ್ಷ ತುಂಬುವುದಿಲ್ಲವಂತೆ. ನನ್ನ ಗುತ್ತಿಗೆ ಜುಲೈ ಕೊನೆಗೆ ಮುಗಿಯುತ್ತದೆ, ಮುಂದುವರಿಯುವುದಿಲ್ಲ. ಮನೆಯಲ್ಲಿ ಹೇಳಿದೆ. ಇವರು, "ಹೋಗ್ಲಿ ಬಿಡೇ," ಅಂದರು. "ಏನು ಹೋಗ್ಲಿ? 'ಹೋಗ್ಲಿ ಬಿಡು' ಅನ್ನೋದು ಬಿಟ್ರೆ ನಿಮಗೆ ಬೇರೆ ಮಾತೇ ಗೊತ್ತಿಲ್ವಾ?" ಎಂದು ರೇಗಿದೆ. ಮಗಳು ತಟ್ಟೆಯಿಂದ ತಲೆಯೆತ್ತಿ, "ಅಮ್ಮಾ, ನೀನು ಕೂಗಿದ್ರೆ ಅಪ್ಪ ಏನು ಮಾತು ಕಲಿತಾರೆ?" ಅಂದಳು. ಮತ್ತೆ ಬಾಯಿ ಬಂದಿದೆ ಅವಳಿಗೆ. ಎಲ್ಲ ಅಪ್ಪನ ಸಲಿಗೆ.

ಡ್ರಾಯರಿನ ಬೀಗ ಕೆಟ್ಟಿತ್ತು, ತೆಗೆಸಿದೆ.

ಜೂನ್ 3

ಸಕ್ಕರೆಯನ್ನು ವಾಪಸ್ ಕರೆದಿದ್ದಾರೆ. ಮೇಲಿನವರಿಗೆ ಸುದ್ದಿ ಹೋಗಿ, ದೊಡ್ಡವರೇ ಫೋನ್ ಮಾಡಬೇಕಾಯಿತಂತೆ. ಒಂದು ವರ್ಷದ ಗುತ್ತಿಗೆ. ಗಡ್ಡ ತೆಗೆಸಿದ್ದಾನೆ. ಎಲ್ಲರೂ ಅವನ ಮೇಜಿನ ಸುತ್ತ ಸೇರಿದರು. ಯಾರೋ "ಸಕ್ಕರೆ" ಎಂದು ಕರೆದರು. "ಆ ಹೆಸರು ಬೇಡ," ಅಂದ.

ಮಧ್ಯಾಹ್ನ ಅವನ ಹತ್ತಿರ ಹೋಗಿ, "ಒಂದು ನಿಮಿಷ ಮಾತಾಡ್ಬೇಕಿತ್ತು," ಅಂದೆ. ಅವನು ಎದ್ದು ಬಾಗಿಲ ಹತ್ತಿರ ಹೋಗಿ, "ನೀರಣ್ಣಾ, ಸ್ವಲ್ಪ ಇಲ್ಲಿ ಬಂದು ನಿಂತ್ಕೋ," ಎಂದು ಕೂಗಿದ.

"ಅವನ್ಯಾಕೆ?"

"ನಿಮ್ಮ ಹತ್ತಿರ ನಾನು ಒಬ್ಬನೇ ಮಾತಾಡಲ್ಲ. ಮೂರನೆಯವರು ಇರಬೇಕು. ನಾಳೆ ನಾನು ಏನು ಹೇಳಿದೆ, ಏನು ಹೇಳಲಿಲ್ಲ ಅಂತ ಯಾರಿಗಾದ್ರೂ ಗೊತ್ತಿರಬೇಕಲ್ಲ."

ನೀರಣ್ಣ ಪೈಪು ಹಿಡಿದುಕೊಂಡು ಬಂದು ಇಬ್ಬರ ಮಧ್ಯೆ ನಿಂತ. ನಾನು ಹೇಳಬೇಕೆಂದಿದ್ದುದನ್ನು ಹೇಳಲಿಲ್ಲ. "ಫ್ರೀಜರ್ ಕೋಣೆಯ ಏಸಿ ರಾತ್ರಿಯೂ ಹಾಕಿಸಿ," ಎಂದು ಹೇಳಿ ಬಂದೆ. ಯಾರ ಮೇಲೂ ನಂಬಿಕೆ ಇಲ್ಲದ ಇಂಥ ಮನುಷ್ಯನ ಪಕ್ಕ ಹೇಗೆ ಕೆಲಸ ಮಾಡುವುದು!

ಜೂನ್ 14

ಹೋಗುವ ಮುಂಚೆ ಒಂದು ಸಲ ಸರಿಯಾಗಿ ಮಾಡಿ ಹೋಗುತ್ತೇನೆ. ಮೇ ಕೊನೆಯಲ್ಲಿ ಬಿತ್ತಿದ ಗಿಡಗಳು ಚೆನ್ನಾಗಿ ಬಂದಿವೆ. ಒಂದು ತಟ್ಟೆ ಬೆಳೆಸುವ ಕೋಣೆಯಲ್ಲೇ, ತಂಪಾಗಿ, ಎಲ್ಲರ ಕಣ್ಣೆದುರು. ಇನ್ನೊಂದು ತಟ್ಟೆಗೆ ದಿನಾ ರಾತ್ರಿ ಮೆಲ್ಲಗೆ ಬಿಸಿ, ಆ ಕಪಾಟಿನಲ್ಲಿ ಇದ್ದಷ್ಟೇ. ಈ ಸಲ ಥರ್ಮಾಮೀಟರ್ ಇಟ್ಟು. ಸಕ್ಕರೆಯ ವಾದ ಸುಳ್ಳೆಂದು ತೋರಿಸಿ ಹೋಗಬೇಕೆಂಬ ಆಸೆ ಇನ್ನೂ ಸತ್ತಿಲ್ಲ. ನಿಜವಾದರೂ ಚಿಂತೆ ಇಲ್ಲ, ಗೊತ್ತಾಗಲಿ.

ಮಗಳು ಭಾನುವಾರ ಪ್ರಯೋಗಾಲಯಕ್ಕೆ ಬರುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಬರಲಿ. ಕೈ ಹಾಕಿದರೆ ಬೆರಳು ಮುರಿಯುತ್ತೇನೆ ಅಂದೆ. "ಮುರಿದ್ರೆ ಎಣಿಸೋಕೆ ಯಾರು ಬರ್ತಾರೆ?" ಅಂದಳು.

ಜುಲೈ 22, ಮಂಗಳವಾರ

ಹೂ ಅರಳಿವೆ. ಸಮಸ್ಯೆ ಏನೆಂದರೆ ನನ್ನ ಎಣಿಕೆಯನ್ನು ಈಗ ಯಾರೂ ನಂಬುವುದಿಲ್ಲ. ಬೇರೊಬ್ಬರು ಎಣಿಸಿ ಸಹಿ ಹಾಕಬೇಕು. ಉಳಿದವರೆಲ್ಲ ಕೆಲಸ ಇದೆ ಎಂದು ಜಾರಿಕೊಂಡರು. ಅವನನ್ನೇ ಕೇಳಿದೆ. ನೀರಣ್ಣನನ್ನು ಕರೆದುಕೊಂಡು ಬಂದ.

ನಾನು ಒಂದು ಕಡೆ, ಅವನು ಒಂದು ಕಡೆ. ನೀರಣ್ಣ ಬಾಗಿಲಿಗೆ ಒರಗಿ ನಿಂತ. ಮೆಲ್ಲಗೆ ಬಿಸಿ ಕಂಡ ಗಿಡಗಳ ಎಸಳುಗಳು ಕೆಂಪು ಚುಕ್ಕೆಯಿಂದ ತುಂಬಿದ್ದವು. ನಾವಿಬ್ಬರೂ ಎಣಿಸಿ ಬೇರೆ ಬೇರೆ ಬರೆದುಕೊಂಡೆವು. ಎರಡೂ ಒಂದೇ ಬಂತು. ಅವನ ವಾದವೇ ಸರಿ. ಅವನು ಗೆದ್ದವನ ಮುಖ ಮಾಡುತ್ತಾನೆಂದು ಕಾದೆ. ಮಾಡಲಿಲ್ಲ.

ಆಮೇಲೆ ತಂಪಿನ ತಟ್ಟೆ. ಒಂದೊಂದೇ ಹೂವನ್ನು ಮೆಲ್ಲಗೆ ತಿರುಗಿಸಿ, ಎಸಳಿನ ಅಡಿಯನ್ನೂ ನೋಡಿದ.

"ಸೊನ್ನೆ," ಅಂದ.

"ಸೊನ್ನೆ," ಅಂದೆ.

ಎಲ್ಲ ಬಿಳಿ. ಅಷ್ಟು ಬಿಳಿಯನ್ನು ನಾನು ಈ ವರ್ಷ ನೋಡಿಯೇ ಇರಲಿಲ್ಲ. ಕಣ್ಣು ತುಂಬಿ ಬಂತು, ದೀಪದ ಬೆಳಕು ಜಾಸ್ತಿ ಎಂದು ಆಚೆ ತಿರುಗಿದೆ. ಅವನು ಸಹಿ ಹಾಕಿ ಹಾಳೆಯನ್ನು ನನ್ನ ಕಡೆ ತಳ್ಳಿದ.

"ಥ್ಯಾಂಕ್ಸ್," ಅಂದೆ. ಇಷ್ಟು ವರ್ಷದಲ್ಲಿ ಅವನಿಗೆ ಮೊದಲ ಸಲ ಹೇಳಿದ್ದಿರಬೇಕು.

"ನಾನು ಬಂದಿದ್ದು ಗಿಡಕ್ಕೋಸ್ಕರ," ಅಂದ. "ನಿಮಗೋಸ್ಕರ ಅಲ್ಲ."

ನೀರಣ್ಣನನ್ನು ಕರೆದುಕೊಂಡು ಹೊರಟುಹೋದ. ಮನೆಗೆ ಬಂದೆ, ಊಟ ಆಯಿತು, ಇವರೂ ಮಗಳೂ ಆಚೆ ಜೋರಾಗಿ ಟಿವಿ ಹಾಕಿಕೊಂಡು ನಗುತ್ತಿದ್ದಾರೆ. ಮಧ್ಯಾಹ್ನದಿಂದ ಆ ಮಾತಿಗೆ ಒಂದು ತಿರುಗೇಟು ಹುಡುಕುತ್ತಿದ್ದೇನೆ. ನನಗೆ, ಯಾರ ಮಾತಿಗೂ ಉತ್ತರ ಬಾಕಿ ಇಡದ ನನಗೆ, ಒಂದೂ ಸಿಕ್ಕಿಲ್ಲ.